ಅರ್ಧ ನಿಮಿಷದ ಅಳತೆ

ನಮ್ಮೂರಿನಲ್ಲಿ ಮಿಮಿಕ್ರಿ ಕಲಿತವನಿಗೆ ಬೆಲೆಯಿಲ್ಲ. ಉಂಡು ಎದ್ದವರೆಲ್ಲರ ಬಾಯಲ್ಲೂ ಅದು ಪುಕ್ಕಟೆ ಸಿಗುತ್ತದೆ. ಒಲೆಯ ಮುಂದೆ ಅಡುಗೆಯವರ ಬಾಯಿಂದ ಏನು ಬಿತ್ತೋ ಅದು ಉಂಡವರ ತೇಗಿನಲ್ಲಿ, ಅಡುಗೆಯವರದೇ ದನಿಯಲ್ಲಿ ಮೇಲೆ ಬರುತ್ತದೆ. ಹೋದ ವರ್ಷ ಛತ್ರದ ಮದುವೆಯೊಂದರಲ್ಲಿ ಭಟ್ಟರು ಹುಳಿಗೆ ಒಗ್ಗರಣೆ ಹಾಕುವಾಗ "ಯಾವನೋ ಅವನು, ಇಂಗಿನ ಡಬ್ಬ ಎತ್ತಿದೋನು?" ಎಂದು ಗದರಿಬಿಟ್ಟಿದ್ದರು. ಪಂಕ್ತಿ ಎದ್ದ ಮೇಲೆ ಇನ್ನೂರು ಜನ, ಬೀಗರೂ ಪುರೋಹಿತರೂ ಸೇರಿ, ಕೈ ತೊಳೆಯುತ್ತಾ ಒಬ್ಬರನ್ನೊಬ್ಬರು ಅದನ್ನೇ ಕೇಳಿಕೊಂಡರು. ಹೀಗಾಗಿ ನಮ್ಮಲ್ಲಿ ಹೊಸ ಸೊಸೆಯಂದಿರು ಒಲೆ ಹಚ್ಚುವ ಮೊದಲು ಬಾಯಿಗೆ ಸೆರಗು ಕಟ್ಟಿಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನವನು ಒಂದೊಂದು ದೋಸೆ ಹುಯ್ಯುವಾಗಲೂ "ನಾಳೆ ಮತ್ತೆ ಬನ್ನಿ" ಅನ್ನುತ್ತಾನೆ, ಬೋರ್ಡಿನ ಖರ್ಚು ಉಳಿಯಿತು. ಊರಾಚೆಯ ಮೈಲಿಗಲ್ಲು ದಾಟಿದರೆ ಮಾತ್ರ ತೇಗು ಬರೀ ತೇಗು.

ನಾನು ಬಿ.ಎಸ್ಸಿ. ಮುಗಿಸಿ ಆಸ್ಪತ್ರೆಯ ಅಳತೆ ಕೋಣೆಗೆ ಸೇರಿದವನು. ಅನ್ನನಾಳ ಹೊಟ್ಟೆಯನ್ನು ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನುಂಗಿದಾಗ ತೆರೆದುಕೊಂಡು ಮಿಕ್ಕ ಹೊತ್ತೆಲ್ಲ ಮುಚ್ಚಿಕೊಂಡಿರುವುದು ಅದರ ಧರ್ಮ. ಪುಸ್ತಕದಲ್ಲಿ ಕವಾಟ ಅನ್ನುತ್ತಾರೆ, ನಮ್ಮೂರಿನವರಿಗೆ ಅದು ಕದ. ಕದ ಎಷ್ಟು ಬಿಗಿ ಎಂದು ಅಳೆಯುವುದು ನನ್ನ ಉದ್ಯೋಗ. ಮೂಗಿನಿಂದ ಸಣ್ಣ ನಳಿಕೆಯೊಂದನ್ನು ಹೊಟ್ಟೆಯವರೆಗೆ ಇಳಿಸಿ, ಮಂಚದ ಮೇಲೆ ಮಲಗಿಸಿ, ಮೊದಲು ಅರ್ಧ ನಿಮಿಷ ಏನನ್ನೂ ನುಂಗದೆ ಸುಮ್ಮನಿರಿ ಅನ್ನಬೇಕು. ಎಂಜಲನ್ನೂ ನುಂಗುವ ಹಾಗಿಲ್ಲ. ಆಗ ಯಂತ್ರ ಕಾಗದದ ಮೇಲೆ ಗೆರೆ ಎಳೆದು ಒಂದು ಅಂಕಿ ಕೊಡುತ್ತದೆ. ಆಮೇಲೆ ಹತ್ತು ಗುಟುಕು ನೀರು ಕುಡಿಸಿ ಕದ ಹೇಗೆ ತೆರೆಯುತ್ತದೆ ಎಂದು ನೋಡಬೇಕು. ಅಂಕಿ ನಲವತ್ತು ದಾಟಿದವರಿಗೆ ಯಾರ ದನಿಯೂ ಮೇಲೆ ಬರುವುದಿಲ್ಲ. ಹತ್ತಕ್ಕಿಂತ ಕೆಳಗಿದ್ದರೆ ದಿನವಿಡೀ ಬಾಯಲ್ಲಿ ಇನ್ನೊಬ್ಬರ ಅಡುಗೆಮನೆ, ಅದರ ಜೊತೆಗೆ ಎದೆಯುರಿ, ಹುಳಿ, ಕೆಮ್ಮು. ನಳಿಕೆ ನೋಡಿದರೇ ಜನ ನಡುಗುತ್ತಾರೆ. "ಅನ್ನನಾಳದ ಕೆಲಸ ನಾಳೆ ಅನ್ನಬಾರದು" ಎಂದೋ, "ಇದು ಅಳತೆ ಕೋಣೆ, ಅಳೋ ಕೋಣೆ ಅಲ್ಲ" ಎಂದೋ ನಗಿಸಿ ಇಳಿಸುತ್ತಿದ್ದೆ. ನಗದಿದ್ದರೆ ಮಿಮಿಕ್ರಿ. ಒಮ್ಮೆ ನಮ್ಮ ಡಾಕ್ಟರ್ ಮೃತ್ಯುಂಜಯ ಅವರ ದನಿಯಲ್ಲೇ "ನೋಡ್ರೀ, ಉಸಿರು ಬಿಡಿ, ಹೆದರಿಕೆ ಬಿಡಿ, ಮಂಚ ಮಾತ್ರ ಬಿಡಬೇಡಿ" ಅನ್ನುತ್ತಿದ್ದಾಗ ಅವರು ಬಾಗಿಲಲ್ಲೇ ನಿಂತಿದ್ದರು. "ಇನ್ನೊಂದ್ಸಲ ಅಳತೆ ಹೊತ್ತಲ್ಲಿ ನಿಮ್ಮ ಬಾಯಿಂದ ಯಾರದಾದ್ರೂ ದನಿ ಕೇಳಿದ್ರೆ, ಫಾಲಾಕ್ಷ, ನಿಮ್ಮನ್ನ ಉಗ್ರಾಣದಲ್ಲಿ ಹತ್ತಿ ಉಂಡೆ ಕಟ್ಟೋಕೆ ಕೂರಿಸ್ತೀನಿ" ಎಂದು ಹೇಳಿ ಹೋದರು.

ನಮ್ಮ ಬೀದಿಯಲ್ಲಿ ಎದುರುಬದುರು ಎರಡು ಮನೆ, ಎರಡರಲ್ಲೂ ಒಬ್ಬೊಬ್ಬರು. ಒಂದರಲ್ಲಿ ಬನಕ್ಕ, ಇನ್ನೊಂದರಲ್ಲಿ ಅವರ ತಂಗಿ ಸುಬ್ಬಕ್ಕ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು, ಇಬ್ಬರೂ ಮಗ್ಗದ ಮನೆಗಳಿಗೆ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದರು. ಮಾತು ಬಿಟ್ಟು ಹದಿನಾಲ್ಕು ವರ್ಷ. ಅವರ ಅವ್ವ ಸಾಯುವ ದಿನ ಬನಕ್ಕ ಗಂಜಿ ಕಾಯಿಸಿ ಕುಡಿಸಿದ್ದರು. ಕೊನೆಯ ಚಮಚ ಒಳಗೆ ಹೋಯಿತು, ಅವ್ವ ಒಂದು ಸಲ ತೇಗಿದರು, ಪ್ರಾಣ ಹೋಯಿತು. ಆ ತೇಗಿನಲ್ಲಿ ಬಂದದ್ದು ಬನಕ್ಕನ ದನಿ. "ಬೇಗ ನುಂಗವ್ವ, ಕೆಲಸ ಐತೆ." ಬೀದಿಯವರೆಲ್ಲ ಕೇಳಿದ್ದರು. ಸುಬ್ಬಕ್ಕ ಅಲ್ಲೇ, ಹೆಣದ ಪಕ್ಕದಲ್ಲೇ, "ಅವ್ವನ ಕೊನೇ ಮಾತ್ನೂ ಕಿತ್ಕೊಂಡ್ಯಲ್ಲೇ" ಅಂದರು. ಅಷ್ಟೇ. ಅಕ್ಕನಿಗೆ ಅವರು ಆಡಿದ ಕೊನೆಯ ಮಾತಾಗಿ ಹದಿನಾಲ್ಕು ವರ್ಷ ಉಳಿದದ್ದೂ ಅದೇ.

ಆದರೆ ಡಬ್ಬಿ ನಿಲ್ಲಲಿಲ್ಲ. ದಿನಾ ಹನ್ನೊಂದು ಗಂಟೆಗೆ ಬನಕ್ಕ ಬೀದಿ ದಾಟಿ, ಸಾರೋ ಪಲ್ಯವೋ ತುಂಬಿದ ಸ್ಟೀಲ್ ಡಬ್ಬಿಯನ್ನು ತಂಗಿಯ ಜಗಲಿ ಮೇಲೆ ಇಟ್ಟು, ಬಾಗಿಲ ಕಡೆ ನೋಡದೆ ವಾಪಸ್ ಬರುತ್ತಿದ್ದರು. ಸುಬ್ಬಕ್ಕ ಉಂಡು, ತೊಳೆದು, ಅಲ್ಲೇ ಇಡುತ್ತಿದ್ದರು. ನಾನು ಕೆಲಸಕ್ಕೆ ಹೋಗುವ ದಾರಿಗೆ ಬನಕ್ಕನ ಅಡುಗೆಮನೆಯ ಕಿಟಕಿ. ಒಳಗೆ ಅವರು ಪಾತ್ರೆಯ ಮೇಲೆ ಬಗ್ಗಿಕೊಂಡು ಮಾತಾಡುವುದು ಕೇಳಿಸುತ್ತಿತ್ತು. "ಮಂಡಿಗೆ ಎಣ್ಣೆ ಹಚ್ಕೊಳೇ ಮೊಂಡಿ." "ಕೆಳಗಿನ ಬೀದಿ ನಂಜಮ್ಮಂಗೆ ಮೊಮ್ಮಗ ಹುಟ್ಟವ್ನೆ, ಮೂಗು ನಮ್ಮ ಚಿಕ್ಕಪ್ಪಂದು." ಒಂದು ಗಂಟೆಯ ಮೇಲೆ ನಾನು ಊಟಕ್ಕೆ ಬಂದಾಗ ಎದುರುಮನೆಯ ಜಗಲಿಯಲ್ಲಿ ಸುಬ್ಬಕ್ಕನ ತೇಗಿನಲ್ಲಿ ಅದೇ ಮಾತು ಅದೇ ದನಿಯಲ್ಲಿ. ಸುಬ್ಬಕ್ಕನಿಗೆ ಅಡುಗೆಯಲ್ಲೇ ಉತ್ತರ ಕಳಿಸುವ ದಾರಿ ಇರಲಿಲ್ಲ, ಬನಕ್ಕನ ಕದ ನಲವತ್ತೆರಡು, ನಾನೇ ಅಳೆದದ್ದು. ಆ ಅಕ್ಕನಿಗೆ ಬೇಕಾಗಿದ್ದುದು ತೊಳೆದ ಡಬ್ಬಿ ಒಂದೇ. ಅದು ಜಗಲಿಯ ಮೇಲಿದ್ದರೆ ತಂಗಿಗೆ ಎಲ್ಲ ಕೇಳಿಸಿತು ಎಂದು ಲೆಕ್ಕ.

ಸುಬ್ಬಕ್ಕನ ಕೆಮ್ಮು ಹೆಚ್ಚಾಗಿ ಗಂಟಲು ಒಡೆದುಹೋದಾಗ ಡಾಕ್ಟರು ಅಳತೆಗೆ ಬರೆದರು. ಹತ್ತರ ಮೇಲಿದ್ದರೆ ಮಾತ್ರೆ, ಎತ್ತರದ ದಿಂಬು. ಹತ್ತರ ಕೆಳಗಿದ್ದರೆ ಹೊಲಿಗೆ, ಅಂದರೆ ಹೊಟ್ಟೆಯ ಮೇಲ್ತುದಿಯನ್ನು ಅನ್ನನಾಳದ ಕೊನೆಗೆ ಶಾಲಿನ ಹಾಗೆ ಸುತ್ತಿ ಹೊಲಿದು ಬಿಗಿ ಮಾಡುವುದು. ಹೊಲಿಸಿಕೊಂಡವರ ಎದೆಯುರಿ ಹೋಗುತ್ತದೆ. ತೇಗೂ ಹೋಗುತ್ತದೆ.

ಅವತ್ತು ಸುಬ್ಬಕ್ಕ ಮಂಚ ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡರು. "ಫಾಲಾಕ್ಷ, ನೀ ನಮ್ ಬೀದಿ ಹುಡುಗ. ಮಾತ್ರೆ ಎಷ್ಟಾದ್ರೂ ನುಂಗ್ತೀನಿ. ಹೊಲಿಗೆ ಮಾತ್ರ ಬ್ಯಾಡ ಕಣಪ್ಪ." ನಾನು, "ಅಕ್ಕಾ, ಹೊಲಿಗೆ ಟೈಲರ್‌ಗೆ ಬಿಡಿ, ನಾನು ಬರೀ ಅಳತೆಯೋನು" ಅಂದೆ. ಅವರು ನಗಲಿಲ್ಲ. ನಳಿಕೆ ಇಳಿಯಿತು. ಕಣ್ಣಲ್ಲಿ ನೀರು, ಕೈಕಾಲು ನಡುಕ. "ಈಗ ಅರ್ಧ ನಿಮಿಷ, ಏನೂ ನುಂಗಬೇಡಿ" ಎಂದು ಗುಂಡಿ ಒತ್ತಿದೆ. ಗೆರೆ ಹದಿಮೂರರ ಹತ್ತಿರ ನೇರವಾಗಿ ಓಡಿತು. ಹದಿಮೂರು, ಮಾತ್ರೆಯ ಅಂಕಿ. ಆದರೆ ಅವರ ನಡುಕ ನೋಡಲಾಗಲಿಲ್ಲ. ಅಥವಾ ನೋಡಲಾಗಲಿಲ್ಲ ಅನ್ನುವುದು ಈಗ ನಾನು ಕಟ್ಟಿಕೊಂಡ ಮಾತಿರಬಹುದು. ಬಾಯಿ ಕಡಿಯುತ್ತಿತ್ತು, ಅಷ್ಟೇ. ಅವರ ಕಿವಿಯ ಹತ್ತಿರ ಬಗ್ಗಿ, ಬನಕ್ಕನ ದನಿ ತೆಗೆದು, "ಹೆದರ್ಕೋಬ್ಯಾಡ ಕಣೇ ಸುಬ್ಬಿ, ನಾನಿಲ್ವಾ" ಅಂದೆ.

ಸುಬ್ಬಕ್ಕ ನುಂಗಿದರು. ಬಿಕ್ಕು ಬಂದದ್ದನ್ನು ಗುಟುಕಿನ ಹಾಗೆ ನುಂಗಿದರು. ಕದ ತನ್ನ ಧರ್ಮದಂತೆ ತೆರೆಯಿತು, ಗೆರೆ ಪಾತಾಳಕ್ಕೆ ಇಳಿಯಿತು, ಮತ್ತೆ ಬಿಕ್ಕು, ಮತ್ತೆ ಗುಟುಕು. ಅರ್ಧ ನಿಮಿಷ ಮುಗಿದಾಗ ಯಂತ್ರ ಒಟ್ಟು ಸರಾಸರಿ ತೆಗೆದು ಏಳು ಎಂದು ಬರೆಯಿತು. ನುಂಗಿದ ಹೊತ್ತಿನ ಅಂಕಿ ಅಂಕಿಯೇ ಅಲ್ಲ. ಇನ್ನೊಮ್ಮೆ ಗುಂಡಿ ಒತ್ತಬೇಕು, ಎರಡನೇ ಸಲ ಯಾಕೆ ಎಂದು ಪುಸ್ತಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಕಾರಣ ಏನೆಂದು ಬರೆಯಲಿ? ಅಳತೆಗಾರ ಅಕ್ಕನ ದನಿ ತೆಗೆದ ಅನ್ನಲೇ? ಸುಳ್ಳು ಕಾರಣವೊಂದನ್ನು ಬರೆಯುವಷ್ಟು ಬುದ್ಧಿಯೂ ಆಗ ಓಡಲಿಲ್ಲ. ಬಾಗಿಲಾಚೆ ಡಾಕ್ಟರ ಚಪ್ಪಲಿ ಸದ್ದು ಕೇಳಿಸಿತು. ನೀರಿನ ಲೋಟ ಎತ್ತಿಕೊಂಡು, "ಹೂಂ ಅಕ್ಕಾ, ಈಗ ಮೊದಲ್ನೇ ಗುಟುಕು" ಅಂದೆ.

ಡಾಕ್ಟರು ಏಳನ್ನು ನೋಡಿ, ಗಂಟಲು ನೋಡಿ, ಹೊಲಿಗೆ ಅಂದರು. ನಮ್ಮೂರಲ್ಲಿ ಅಂಕಿ ಬಂದ ಮೇಲೆ ಎದುರುಮಾತಿಲ್ಲ. ಸುಬ್ಬಕ್ಕ ನನ್ನನ್ನು ಒಂದು ಸಲ ನೋಡಿದರು, ನಾನು ನಳಿಕೆ ತೊಳೆಯುತ್ತಿದ್ದೆ.

ಹೊಲಿಗೆಯಾದ ಒಂದು ತಿಂಗಳಿಗೆ ಕೆಮ್ಮು ಹೋಯಿತು, ಗಂಟಲು ಸರಿಯಾಯಿತು. ಅವರು ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬಂದರು, ಕೈಯಲ್ಲಿ ಅಕ್ಕನ ಡಬ್ಬಿ. "ಉಣ್ಣು" ಅಂದರು. ನನಗೆ ಅರ್ಥವಾಗಲಿಲ್ಲ. "ನಂಗೇನೂ ಬರಾಕಿಲ್ಲ ಈಗ. ತಿಂದ್ರೆ ಕಲ್ಲು ಇಟ್ಟಂಗೆ ಕೂತ್ಕತದೆ. ಅವಳು ಹೇಳಿದ್ದೆಲ್ಲ ನನ್ನೊಳಗೇ ಬಿದ್ದದೆ, ಮೇಲಕ್ಕೆ ಬರವಲ್ದು. ನಿನ್ ಕದ ಎಷ್ಟು?" "ಒಂಬತ್ತು." "ಹಂಗಾದ್ರೆ ಉಣ್ಣು. ಅರ್ಧ ನಂಗೆ, ಅರ್ಧ ನಿಂಗೆ. ಅವಳಿಗೆ ಮಾತ್ರ ಹೇಳಬ್ಯಾಡ. ಹೊಲಿಗೆ ಆಗಿದ್ದು ಗೊತ್ತು, ತೇಗು ಹೋಗಿದ್ದು ಗೊತ್ತಿಲ್ಲ. ನಂಗೆ ಕೇಳಲ್ಲ ಅಂತ ಗೊತ್ತಾದ್ರೆ ಪಾತ್ರೆ ಜೊತೆ ಮಾತಾಡೋದ್ನೇ ಬಿಟ್ಬಿಡ್ತಾಳೆ. ಆಣೆ ಇಡು." ಆಣೆ ಇಟ್ಟೆ. ಉಂಡೆ. ಬಸ್ಸಾರು, ಚೆನ್ನಾಗಿತ್ತು. ಸುಬ್ಬಕ್ಕ ನನ್ನ ಬಾಯಿಯನ್ನೇ ನೋಡುತ್ತಾ ಕೂತರು. ತೇಗು ಬಂತು. "ಹೊಲಿಗೆ ಗಾಯ ಒಣಗ್ತಾ? ಕುಂಬಳಕಾಯಿ ತಿನ್ನಬ್ಯಾಡ, ನಂಜು."

ಅವರ ಮುಖ ಅರಳಿತು. ತಕ್ಷಣ ಹುಬ್ಬು ಗಂಟಿಕ್ಕಿತು. "ಇದು ಅಕ್ಕಂದಾ, ನಿಂದಾ?" ಎಂದು ಕೇಳಿದರು.

"ಅಯ್ಯೋ ಅಕ್ಕಾ, ಸತ್ಯವಾಗ್ಲೂ ಬನಕ್ಕಂದೇ." "ಅವತ್ತು ಮಂಚದ ಮ್ಯಾಲೂ ಹಿಂಗೇ ಇತ್ತು. ಒಂಚೂರೂ ಎಚ್ಚುಕಮ್ಮಿ ಇರ್ಲಿಲ್ಲ." ಕಾಲೇಜಿನಲ್ಲಿ ಇದೇ ಮಾತಿಗೆ ನನಗೆ ಕಪ್ ಕೊಟ್ಟಿದ್ದರು.

ಆದರೂ ದಿನಾ ಬಂದರು. ನಾನು ಮಧ್ಯಾಹ್ನ ಮನೆಗೆ ಓಡಿ ಬರುತ್ತಿದ್ದೆ, ಅರ್ಧ ಡಬ್ಬಿ ಉಣ್ಣುತ್ತಿದ್ದೆ, ತೇಗುತ್ತಿದ್ದೆ. ಸಣ್ಣಪುಟ್ಟ ಮಾತುಗಳನ್ನು ಅವರು ನಂಬುತ್ತಿದ್ದರು. ನಂಜಮ್ಮನ ಮೊಮ್ಮಗ, ನೂಲಿನ ಬಣ್ಣ, ಬೆಕ್ಕು ಮರಿ ಹಾಕಿದ್ದು. ಅಂಥದ್ದನ್ನು ಕಟ್ಟಿ ಹೇಳುವುದರಿಂದ ನನಗೇನು ಲಾಭ ಎಂದು ಇದ್ದಿರಬೇಕು. ಹೀಗೆ ಒಂದು ವರ್ಷವಾಯಿತು. ನನ್ನ ಮೈ ತುಂಬಿಕೊಂಡಿತು, ಮನೆಯಲ್ಲಿ ನನ್ನ ಹೆಂಡತಿ "ನಿಮ್ ಬಾಯಲ್ಲಿ ಮೂರು ಹೊತ್ತೂ ಪರಹೆಂಗಸಿನ ದನಿ" ಎಂದು ಬೈದಳು. ಒಲೆಯ ಮುಂದೆ ಬೈದದ್ದರಿಂದ ಅದೂ ತೇಗಿನಲ್ಲಿ ಬಂತು.

ಆಮೇಲೆ ಒಂದು ದಿನ, ಹುರುಳಿಕಟ್ಟು ಉಂಡ ಮೇಲೆ, ನನ್ನ ಬಾಯಿಂದ ಬನಕ್ಕನ ದನಿ ಎಂದೂ ಬರದ ಹಾಗೆ ಬಂತು, ಮೆತ್ತಗೆ. "ಅವತ್ತು ಆತುರ ಮಾಡಬಾರ್ದಿತ್ತು ಕಣೇ. ಏನ್ ಕೆಲ್ಸ ಇತ್ತೋ ಅದೂ ಈಗ ಗ್ಯಾನ ಇಲ್ಲ."

ಸುಬ್ಬಕ್ಕ ಎದ್ದು ನಿಂತರು. ಮುಖ ಕೆಂಪಾಯಿತು. "ನೋಡು ಫಾಲಾಕ್ಷ. ಬೆಕ್ಕಿನ ಮರಿ ಗಿಕ್ಕಿನ ಮರಿ ಏನಾರ ಮಾಡ್ಕೋ. ನಮ್ಮವ್ವನ ಸುದ್ದಿಗೆ ಬರಬ್ಯಾಡ." "ಅಕ್ಕಾ, ನಾನಲ್ಲ..." "ಅಕ್ಕ ಹಂಗನ್ನೋಳಲ್ಲ. ಹದಿನೈದು ವರ್ಷದಲ್ಲಿ ಅಂದಿಲ್ಲ. ನಾ ಏನ್ ಕೇಳಬೇಕು ಅಂತಿದೀನೋ ಅದ್ನೇ ಹೇಳ್ತೀಯ ನೀನು. ಅವತ್ತೂ ಹಂಗೇ ಮಾಡ್ದೆ." ಅವರು ಹೇಳಿದ್ದು ನಿಜ. ಅವತ್ತು ಹಾಗೇ ಮಾಡಿದ್ದೆ. ಅವತ್ತು ಮಾಡಿದ್ದರಿಂದಲೇ ಇವತ್ತಿನದು ಸುಳ್ಳಾಯಿತು. ಇದನ್ನು ಅವರಿಗೆ ಹೇಗೆ ಬಿಡಿಸಿ ಹೇಳುವುದು? ಹೇಳಲು ಹೊರಟರೆ ಏಳರ ಕಥೆಯನ್ನೂ ಹೇಳಬೇಕು. ಹದಿಮೂರಿದ್ದ ಕದವನ್ನು ನಾನು ಏಳು ಮಾಡಿ ಹೊಲಿಸಿದೆ ಅನ್ನಬೇಕು. ಅದನ್ನು ನುಂಗಿಕೊಂಡೆ.

ಮುಂದಿನ ಹತ್ತು ದಿನ ಅದೇ ಬಂತು, ಬೇರೆ ಬೇರೆ ಮಾತಿನಲ್ಲಿ. ಅವ್ವನಿಗೆ ಗಂಜಿ ಬಿಸಿಯಿತ್ತು, ಆರಿಸಬೇಕಿತ್ತು ಎಂದು. ನಿನ್ನನ್ನು ಕರೆದು ಕುಡಿಸು ಅನ್ನಬೇಕಿತ್ತು ಎಂದು. ನಾನು ತೇಗು ಬರುವ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳಲು ನೋಡಿದೆ, ಅದು ಮೂಗಿನಲ್ಲಿ ಬಂತು. ಸುಬ್ಬಕ್ಕ ಖಾಲಿ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದರು. ಹನ್ನೊಂದನೆಯ ದಿನ ಬುಧವಾರ, ಮೆಂತ್ಯದ ಪಲ್ಯ. "ಶುಕ್ರವಾರ ಮಗಳ ಊರಿಗೆ ಹೊಂಟಿದೀನಿ, ಇನ್ನು ಅಲ್ಲೇ ಇರ್ತೀನಿ. ಅಷ್ಟರಾಗೆ ಒಂದ್ಸಲ ಬಾರೇ. ಬಾಗಿಲು ಹಾಕಾಕಿಲ್ಲ." ಸುಬ್ಬಕ್ಕ ಡಬ್ಬಿಯ ಮುಚ್ಚಳ ಒತ್ತಿದರು. "ಹೋಗಿ ಮಖ ಕೆಡಿಸ್ಕೊಂಡು ಬರ್ಲಿ ಅಂತ ಮಾಡಿದ್ಯಾ? ಇಬ್ರೂ ಮುದುಕೀರು ಸೇರ್ಕೊಂಡ್ರೆ ನಿನ್ ಪಾಪ ತೊಳ್ಕೊಂತದಾ?" ಅಂದರು. ಪಾಪ ಅಂದದ್ದು ಯಾವುದನ್ನು ಎಂದು ನಾನು ಕೇಳಲಿಲ್ಲ, ಧೈರ್ಯವಿರಲಿಲ್ಲ.

ಬುಧವಾರ ಸಂಜೆ ಬನಕ್ಕನ ಮನೆಯ ಬಾಗಿಲು ತೆರೆದಿತ್ತು. ಗುರುವಾರ ಇಡೀ ದಿನ ತೆರೆದಿತ್ತು. ನಾನು ಕೆಲಸಕ್ಕೆ ಹೋಗುವಾಗ ನೋಡಿದೆ, ಬರುವಾಗ ನೋಡಿದೆ. ಹೊಸ್ತಿಲಿನ ಮೇಲೆ ಹೊಸದಾಗಿ ರಂಗೋಲಿ, ಒಳಗೆ ಗೋಡೆಗೆ ಒರಗಿ ಕೂತ ಬನಕ್ಕ. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆಣೆ ಇಟ್ಟಿದ್ದೇನೆ ಅಂದುಕೊಂಡೆ. ಆಣೆ ಒಳ್ಳೆಯ ನೆಪ, ಅದರ ಹಿಂದೆ ಹತ್ತಿ ಉಂಡೆಯ ಉಗ್ರಾಣದ ಹೆದರಿಕೆಯನ್ನು ಮರೆಮಾಡಬಹುದು.

ಗುರುವಾರದ ಡಬ್ಬಿಯಲ್ಲಿ ಚಿತ್ರಾನ್ನವಿತ್ತು. ಸುಬ್ಬಕ್ಕ ಬರಲಿಲ್ಲ, ಡಬ್ಬಿಯನ್ನು ನಮ್ಮ ಹೊಸ್ತಿಲಿನ ಮೇಲಿಟ್ಟು ಹೋಗಿದ್ದರು. ಶುಕ್ರವಾರ ಬೆಳಿಗ್ಗೆ ಅದನ್ನೇ ತಿಂದು ಹೊರಟೆ. ಬೀದಿಗೆ ಬಂದರೆ ಬನಕ್ಕನ ಮನೆ ಮುಂದೆ ಆಟೋ. ಒಳಗೆ ಎರಡು ಗಂಟು, ಒಂದು ಟ್ರಂಕು, ನಡುವೆ ಬನಕ್ಕ. ಎದುರು ಜಗಲಿಯ ಮೇಲೆ ಸುಬ್ಬಕ್ಕ ನಿಂತಿದ್ದರು. ಟ್ರಂಕು ನೋಡಿ ನನ್ನ ಕಡೆ ತಿರುಗಿದರು. ಆ ನೋಟ ಈಗಲೂ ನನ್ನ ಹತ್ತಿರ ಇದೆ. ಶುಕ್ರವಾರ ಅಂದದ್ದು ನಿಜ, ಹಾಗಾದರೆ ಆತುರ ಮಾಡಬಾರದಿತ್ತು ಅಂದದ್ದೂ ನಿಜ, ಎಲ್ಲವೂ ನಿಜ. ಜಗಲಿಯಿಂದ ಇಳಿದು, ಸೀರೆ ಎತ್ತಿ ಹಿಡಿದು, ಬೀದಿ ದಾಟಿ ಆಟೋದ ಕಂಬಿ ಹಿಡಿದುಕೊಂಡರು. "ಅಕ್ಕಾ" ಅಂದರು.

ಬನಕ್ಕ ಅವರ ಮುಖ ನೋಡಿದರು. "ಎಲ್ಲಾ ಕೇಳಿಸ್ಕೊಂಡೂ ಎರಡು ದಿನ ಒಳಗೇ ಕೂತಿದ್ಯಲ್ಲೇ. ಈಗ ಬಂದ್ಯಾ?" "ನಂಗೆ ಕೇಳಿಲ್ಲ ಅಕ್ಕಾ, ನಂಗೆ ಕೇಳಾಕಿಲ್ಲ ಈಗ..." ಸುಬ್ಬಕ್ಕ ನನ್ನ ಕಡೆ ಕೈ ಮಾಡಿದರು. ಹೇಳು ಎಂದು. ನಾನು ಹತ್ತಿರ ಹೋದೆ. ಹೇಳಬೇಕೆಂದೇ ಹೋದೆ, ಅಷ್ಟನ್ನು ನಂಬಿ. ಬಾಯಿ ತೆರೆದೆ, ಚಿತ್ರಾನ್ನ ಮೇಲೆ ಬಂತು. "ಬಾರೇ ಸುಬ್ಬಿ, ಕಾಯ್ತಾ ಇದೀನಿ" ಎಂದು ಬನಕ್ಕನ ದನಿ ನನ್ನ ಬಾಯಿಂದ ಬನಕ್ಕನಿಗೇ ಕೇಳಿಸಿತು.

ಬನಕ್ಕ ನನ್ನನ್ನೂ ತಂಗಿಯನ್ನೂ ನೋಡಿದರು. ನಮ್ಮೂರಿನಲ್ಲಿ ಇದಕ್ಕೆ ಒಂದೇ ಅರ್ಥ. ತಂಗಿಗೆಂದು ಮಾಡಿ ಕಳಿಸಿದ್ದನ್ನು ತಂಗಿ ಬೀದಿಯವನಿಗೆ ಹಾಕಿದ್ದಾಳೆ. "ನನ್ ಡಬ್ಬಿನ ಇವನಿಗೆ ಉಣ್ಣಾಕೆ ಹಾಕ್ತಿದ್ಯಾ? ನಮ್ಮವ್ವನ ಮಾತೆಲ್ಲ ಇವನ್ ಬಾಯಾಗೆ ಹಾಯ್ದು ಬಂತಾ?" ಎಂದು ಮೆಲ್ಲಗೆ ಕೇಳಿ, ಆಟೋದವನ ಬೆನ್ನು ತಟ್ಟಿದರು. ಆಟೋ ಹೊರಟಿತು. ಸುಬ್ಬಕ್ಕ ಕಂಬಿ ಬಿಡದೆ ನಾಲ್ಕು ಹೆಜ್ಜೆ ಓಡಿ, ಆಮೇಲೆ ಕೈ ಬಿಟ್ಟರು.

ಅವತ್ತೇ ಅವರ ಜಗಲಿಯ ಮೇಲೆ ಕೂತು ಏಳರ ಕಥೆಯನ್ನು ಪೂರ್ತಿ ಹೇಳಿದೆ. ಸುಬ್ಬಕ್ಕ ಬೈಯಲಿಲ್ಲ. ನೂಲಿನ ಉಂಡೆಯೊಂದನ್ನು ಬಿಚ್ಚಿ ಮತ್ತೆ ಸುತ್ತಿದರು. "ಇದ್ನೆಲ್ಲ ಅವಳಿಗೆ ಹೋಗಿ ಹೇಳು. ನಿನ್ ದನಿಯಾಗೇ ಹೇಳು. ನಂಗೆ ಅವಳ ಮಖ ನೋಡಾಕೆ ಆಗಲ್ಲ" ಅಂದರು. ಮರುದಿನ ಡಾಕ್ಟರಿಗೂ ಹೇಳಿದೆ. ಅವರು ಹಳೆಯ ಕಾಗದ ತೆಗೆಸಿ, ಗೆರೆ ಎರಡು ಕಡೆ ಕುಸಿದದ್ದನ್ನು ಬೆರಳಿನಿಂದ ಮುಟ್ಟಿ, "ಇದನ್ನ ನಾನೂ ನೋಡಬೇಕಿತ್ತು, ಅಂಕಿ ಮಾತ್ರ ನೋಡಿದೆ" ಎಂದರು. ನನ್ನನ್ನು ಉಗ್ರಾಣಕ್ಕೆ ಕಳಿಸಿದರು. ಈಗ ಹತ್ತಿ ಉಂಡೆ ಕಟ್ಟುತ್ತೇನೆ. ಅದಕ್ಕೆ ಕಿವಿ ಇಲ್ಲ, ಒಳ್ಳೆಯ ಸಭೆ.

ಭಾನುವಾರ ಬಸ್ಸು ಹಿಡಿದು ಬನಕ್ಕನ ಮಗಳ ಊರಿಗೆ ಹೋದೆ. ಮಗಳು ಸಂತೆಗೆ ಹೋಗಿದ್ದಳು, ಅವರು ಒಬ್ಬರೇ ಇದ್ದರು. ಒಂದೂ ದನಿ ತೆಗೆಯದೆ, ಒಂದೂ ಚಟಾಕಿ ಹಾರಿಸದೆ, ಮೊದಲಿನಿಂದ ಹೇಳಿದೆ. ನನ್ನ ಸ್ವಂತ ದನಿ ಎಷ್ಟು ತೆಳ್ಳಗಿದೆ ಎಂದು ನನಗೇ ಆವತ್ತು ಗೊತ್ತಾಯಿತು. ಎಲ್ಲ ಕೇಳಿ ಬನಕ್ಕ ಒಂದೇ ಒಂದು ಪ್ರಶ್ನೆ ಕೇಳಿದರು.

"ಅವತ್ತು ಇನ್ನೊಂದ್ಸಲ ಅಳೀಬೇಕು ಅಂದ್ರೆ ಎಷ್ಟೊತ್ತು ಬೇಕಿತ್ತಪ್ಪ?"

"ಅರ್ಧ ನಿಮಿಷ."

ಅವರು ತಲೆ ಆಡಿಸಿದರು. ಆಮೇಲೆ "ಉಂಡ್ಕೊಂಡು ಹೋಗು" ಎಂದು ಎದ್ದು ಒಳಗೆ ಹೋಗಿ ಒಲೆ ಹಚ್ಚಿದರು. ನಾನು ಬಾಗಿಲ ಪಕ್ಕ ಕೂತು ಕಿವಿಗೊಟ್ಟೆ. ಬೇಳೆ ಬೆಂದಿತು, ಸೊಪ್ಪು ಬಿತ್ತು, ಒಗ್ಗರಣೆ ಸಿಡಿಯಿತು. ಹದಿನೈದು ವರ್ಷ ಪಾತ್ರೆಯ ಜೊತೆ ಮಾತಾಡಿದ ಹೆಂಗಸು ಆವತ್ತು ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ಬಡಿಸುವಾಗ "ಇನ್ನೊಂದು ಸೌಟು?" ಎಂದೂ ಕೇಳಲಿಲ್ಲ, ಬರೀ ಸೌಟು ಎತ್ತಿ ತೋರಿಸಿದರು. ಮುನಿಸೋ, ಊರು ಬದಲಾದ ಮೇಲೆ ಇನ್ನೇಕೆ ಎಂದೋ, ನನ್ನ ಬಾಯಿಗೆ ಇನ್ನೊಂದು ಮಾತು ಕೊಡಬಾರದು ಎಂದೋ, ತಿಳಿಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ತೇಗು ತಡೆದುಕೊಂಡೇ ಕೂತಿದ್ದೆ. ನಮ್ಮೂರಿನ ಮೈಲಿಗಲ್ಲು ದಾಟಿ ಒಳಗೆ ಬಂದ ಮೇಲೆ ಬಿಟ್ಟೆ. ಸೊಪ್ಪಿನ ಸಾರಿನ ವಾಸನೆ ಬಂತು, ಬೆಳ್ಳುಳ್ಳಿ ಬಂತು. ಮತ್ತೇನೂ ಇರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಸುಬ್ಬಕ್ಕ ಕಲ್ಲುಬೆಂಚಿನ ಮೇಲೆ ಕಾಯುತ್ತಾ ಕೂತಿದ್ದರು. ನಾನು ಇಳಿಯುತ್ತಿದ್ದ ಹಾಗೆ ಎದ್ದು ಬಂದು, ನನ್ನ ಮುಖವನ್ನಲ್ಲ, ಬಾಯಿಯನ್ನು ನೋಡಿದರು. "ಉಂಡ್ಯಾ ಅಲ್ಲಿ?" "ಉಂಡೆ." "ಏನಾರ ಅಂದ್ಲಾ?"

ಬನಕ್ಕನ ದನಿ ನನ್ನ ಗಂಟಲಲ್ಲಿ ಸಿದ್ಧವಾಗಿತ್ತು. ಒಂದೇ ಮಾತು ಸಾಕಿತ್ತು, ಎಚ್ಚುಕಮ್ಮಿ ಇಲ್ಲದೆ ಬರುತ್ತಿತ್ತು.

"ಏನೂ ಅನ್ನಲಿಲ್ಲ ಅಕ್ಕಾ" ಅಂದೆ.

ನಾನು ಹೇಳಿದ್ದರಲ್ಲಿ ಅದೊಂದನ್ನು ಮಾತ್ರ ಸುಬ್ಬಕ್ಕ ಕೇಳಿದ ತಕ್ಷಣ ನಂಬಿದರು.